ಸಾರಿಗೆ ಹಾಕಿದ ಲೆಮನ್ ಬಾಮ್ ಘಮ ಎಲ್ಲಿ ಹೋಯಿತು?

ಬಾಲ್ಕನಿಯಲ್ಲಿದ್ದ, ಎಲೆಯಲ್ಲಿ ನಿಂಬೆಯ ಘಮ ಇರುವ ಲೆಮನ್ ಬಾಮ್ ಗಿಡ ಮೊದಲ ಸಲ ದಟ್ಟವಾಗಿ ಬೆಳೆದಾಗ ಒಂದು ಹಿಡಿ ಎಲೆ ಕಿತ್ತು, ಕುದಿಯುತ್ತಿದ್ದ ತಿಳಿಸಾರಿಗೆ ಹಾಕಿದ್ದೆ. ಮನೆಯೆಲ್ಲಾ ಘಮ್ಮೆಂದಿತು. ಹಾಲ್‌ನಲ್ಲಿ ಕೂತಿದ್ದ ಅಮ್ಮ "ಏನೋ ಅದು, ನಿಂಬೆಹಣ್ಣಿನ ಸಾರಾ?" ಅಂತ ಅಲ್ಲಿಂದಲೇ ಕೇಳಿದರು. ಊಟಕ್ಕೆ ಕೂತು ಅನ್ನಕ್ಕೆ ಸಾರು ಕಲಸಿಕೊಂಡರೆ ನಿಂಬೆಯ ಸುಳಿವೇ ಇಲ್ಲ. ಹುಳಿಯೂ ಇಲ್ಲ, ಘಮವೂ ಇಲ್ಲ. ಬಾಯಿಗೆ ಸಿಕ್ಕಿದ್ದು ಕಪ್ಪಗಾದ ನಾಲ್ಕು ಎಲೆ. ಅಮ್ಮ ಅದನ್ನು ತಟ್ಟೆಯ ಅಂಚಿಗೆ ಸರಿಸಿ "ಕೊತ್ತಂಬರಿನೇ ಸಾಕಿತ್ತು" ಅಂದರು.

ತಪ್ಪು ನನ್ನದೇ. ಪರಿಮಳ ಮನೆ ತುಂಬಿತು ಅಂದರೆ ಅದು ಪಾತ್ರೆ ಬಿಟ್ಟು ಹೊರಟಿತು ಅಂತಲೇ ಅರ್ಥ. ಇಷ್ಟು ಗೊತ್ತಿಲ್ಲದೆ ಎಷ್ಟೋ ಜನ ಈ ಗಿಡ ತಂದು, ಎರಡು ಸಲ ಎಲೆಯನ್ನು ಟೀ ಥರ ಕುದಿಸಿ ಕುಡಿದು, "ಏನೂ ಇಲ್ಲಪ್ಪಾ ಇದರಲ್ಲಿ" ಅಂತ ಮೂಲೆಗೆ ತಳ್ಳುತ್ತಾರೆ. ಕುಂಡವನ್ನು ಎಲ್ಲಿಡಬೇಕು, ಯಾವಾಗ ಕೊಯ್ಯಬೇಕು, ಅಡುಗೆಯಲ್ಲಿ ಯಾವ ಹೊತ್ತಿಗೆ ಹಾಕಬೇಕು, ಒಣಗಿಸಬೇಕೋ ಬೇಡವೋ, ಇವೆಲ್ಲಕ್ಕೂ ಒಂದೇ ಸುಳುಹು ಸಾಕು: ಇದರ ಘಮ ಎಲೆಯ ಮೈಮೇಲೆ ಕೂತಿದೆ, ಬಿಸಿ ತಾಗಿದರೆ ಎದ್ದು ಹೋಗುತ್ತದೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಬಾಮ್ ಅಂದ ತಕ್ಷಣ ನಮಗೆ ನೆನಪಾಗುವುದು ಹಣೆಗೆ ಹಚ್ಚಿಕೊಳ್ಳುವ ಬಾಮ್. ಪದ ಎರಡೂ ಒಂದೇ. ಸುವಾಸನೆಯ ಮರದ ಅಂಟಿಗೆ ಬಾಲ್ಸಮ್ ಅನ್ನುವ ಹೆಸರಿತ್ತಲ್ಲ, ಅದೇ ಸವೆದು ಬಾಮ್ ಆಯಿತು. ಗಿಡದ ಸಸ್ಯಶಾಸ್ತ್ರದ ಹೆಸರು ಮೆಲಿಸಾ ಅಫಿಷಿನಾಲಿಸ್. ಇದು ದಕ್ಷಿಣ ಯುರೋಪ್, ಮೆಡಿಟರೇನಿಯನ್ ಸುತ್ತಮುತ್ತ, ಇರಾನ್ ಕಡೆಯ ಗಿಡ, ನಮ್ಮ ನೆಲದ್ದಲ್ಲ. ಹಾಗಾಗಿ ಕನ್ನಡದಲ್ಲಿ ರೂಢಿಯ ಹೆಸರೇ ಇಲ್ಲ. ನಿಂಬೆ ತುಳಸಿ, ನಿಂಬೆ ಪುದೀನ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಆದರೆ ಆ ಹೆಸರುಗಳು ಬೇರೆ ಗಿಡಗಳಿಗೂ ಓಡಾಡುತ್ತವೆ. ನಾನಂತೂ ಲೆಮನ್ ಬಾಮ್ ಅಂತಲೇ ಕರೆಯುತ್ತೇನೆ.

ಲೆಮನ್‌ಗ್ರಾಸ್ ಬೇರೆ. ಅದು ನಮ್ಮ ಮಜ್ಜಿಗೆ ಹುಲ್ಲು, ಹೆಸರಲ್ಲೇ ಇರುವ ಹಾಗೆ ಹುಲ್ಲಿನ ಜಾತಿ. ಲೆಮನ್ ಬಾಮ್ ತುಳಸಿ, ಪುದೀನ, ಕಾಮಕಸ್ತೂರಿ, ದೊಡ್ಡಪತ್ರೆ, ಶಿವನಿಗೆ ಏರಿಸುವ ತುಂಬೆ ಇವುಗಳ ಕುಟುಂಬದ್ದು. ಈ ಕುಟುಂಬದ ಗುರುತು ಸುಲಭ. ಎಳೆಯ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ಗುಂಡಗೆ ಉರುಳುವುದಿಲ್ಲ, ಚೌಕದ ಅಂಚು ತಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ. ನೋಡಲು ಪುದೀನದ ಅಕ್ಕನ ಹಾಗೆ, ಸ್ವಲ್ಪ ಅಗಲ, ಅಂಚಿನಲ್ಲಿ ದುಂಡನೆಯ ಹಲ್ಲು, ನರಗಳು ಒಳಗೆ ಇಳಿದು ಎಲೆಯ ಮೈ ಸುಕ್ಕುಸುಕ್ಕು. ನಾನು ಮೊದಲು ಒಂದು ನರ್ಸರಿಯಲ್ಲಿ ಲೆಮನ್ ಬಾಮ್ ಅಂತ ದುಡ್ಡು ಕೊಟ್ಟು ತಂದ ಗಿಡ ಎರಡು ತಿಂಗಳಿಗೆ ಕಾಮಕಸ್ತೂರಿಯ ಥರ ತೆನೆ ಬಿಟ್ಟಿತು. ಅದು ನಿಂಬೆ ವಾಸನೆಯ ಕಾಮಕಸ್ತೂರಿ. ಬೇಜಾರೇನಿಲ್ಲ, ಅದೂ ಚೆನ್ನಾಗಿರುತ್ತದೆ, ಆದರೆ ಕೇಳಿದ್ದು ಅದಲ್ಲ ಅಲ್ವಾ. ತರುವ ಮುಂಚೆ ಒಂದು ಎಲೆ ಉಜ್ಜಿ ಮೂಸಿ, ಎಲೆಯ ಮೈ ನೋಡಿ. ನುಣುಪಾಗಿ, ಹೊಳೆಯುತ್ತಾ ಇದ್ದರೆ ಅನುಮಾನ ಪಡಿ.

ಈಗ ಘಮದ ವಿಷಯ. ಎಲೆಯ ಮೇಲೆ, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಅವುಗಳಲ್ಲಿ ಕೆಲವದರ ತುದಿಯಲ್ಲಿ ಎಣ್ಣೆ ತುಂಬಿದ ಪುಟ್ಟ ಚೀಲ. ಕೈಯಿಂದ ಸವರಿದರೆ ಸಾಕು, ಚೀಲ ಒಡೆದು ವಾಸನೆ ಬರುತ್ತದೆ. ಮುಟ್ಟದೆ ಬಿಟ್ಟರೆ ಗಿಡದ ಪಕ್ಕದಲ್ಲೇ ಕೂತರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಆ ಎಣ್ಣೆಯ ಮುಖ್ಯ ಭಾಗ ಸಿಟ್ರಾಲ್ ಮತ್ತು ಸಿಟ್ರೊನೆಲಾಲ್. ಸಿಟ್ರಾಲ್ ಅಂದರೆ ನಿಂಬೆ ವಾಸನೆ ಅಂತ ನಮ್ಮ ಮೂಗು ಗುರುತಿಸುವ ವಸ್ತು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಹೆಚ್ಚಿನ ಪಾಲು ಇದೇ. ತಮಾಷೆ ಅಂದರೆ ನಿಂಬೆಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿ ಜಾಸ್ತಿ ಇರುವುದು ಲಿಮೊನೀನ್ ಅನ್ನುವ ಬೇರೆ ವಸ್ತು, ಸಿಟ್ರಾಲ್ ಅಲ್ಲಿ ಸ್ವಲ್ಪವೇ. ಆದರೂ ಅದನ್ನು ನಿಂಬೆ ಅನ್ನಿಸುವುದು ಆ ಸ್ವಲ್ಪವೇ.

ಇಲ್ಲೇ ಎಲ್ಲರೂ ಎಡವುವುದು. ನಿಂಬೆಯಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ, ಸಿಪ್ಪೆಯಲ್ಲಿ ವಾಸನೆ, ರಸದಲ್ಲಿ ಹುಳಿ. ನಾವು ಎರಡನ್ನೂ ಒಟ್ಟಿಗೇ ತಿಂದು ಒಂದೇ ಅಂದುಕೊಂಡಿದ್ದೇವೆ. ಲೆಮನ್ ಬಾಮ್‌ನಲ್ಲಿ ಸಿಪ್ಪೆಯ ಕಡೆಯದ್ದು ಮಾತ್ರ ಇದೆ. ಎಲೆ ಅಗಿದರೆ ಮೊದಲು ನಿಂಬೆ ಅನ್ನಿಸಿ, ಆಮೇಲೆ ಹುಲ್ಲು ಹುಲ್ಲಾಗಿ, ಕೊನೆಗೆ ಸಣ್ಣ ಕಹಿ ಮತ್ತು ಒಗರು ಉಳಿಯುತ್ತದೆ. ಚಿತ್ರಾನ್ನಕ್ಕೆ ನಿಂಬೆರಸ ಇಲ್ಲ ಅಂತ ಇದನ್ನು ಹಾಕಿದರೆ ಕೆಲಸ ಕೆಡುತ್ತದೆ. ರಸವನ್ನೂ ಹಿಂಡಿ, ಮೇಲೆ ಇದನ್ನೂ ಹೆಚ್ಚಿ ಹಾಕಿದರೆ ಚಿತ್ರಾನ್ನಕ್ಕೆ ಬೇರೆಯದೇ ಕಳೆ.

ಹುಳಿ ಇಲ್ಲದಿರುವುದು ಕೊರತೆ ಅನ್ನಿಸಬಹುದು. ನನಗೆ ಈ ಗಿಡದಲ್ಲಿ ಜಾಸ್ತಿ ಇಷ್ಟ ಆಗಿದ್ದೇ ಅದು. ಯಾಕಂದ್ರೆ ಹಾಲು ಒಡೆಯುವುದಿಲ್ಲ! ನಿಂಬೆಹಣ್ಣನ್ನು ಬಿಸಿ ಹಾಲಿಗೆ ಹಿಂಡಿದರೆ ಪನೀರ್ ಆಗುತ್ತದೆ. ಇದರ ಎಲೆಯನ್ನು ಹಾಲಿನಲ್ಲಿ ನೆನೆಸಿದರೆ ನಿಂಬೆಯ ಘಮ ಇರುವ ಹಾಲು. ಘಮದ ವಸ್ತುಗಳು ನೀರಿಗಿಂತ ಕೊಬ್ಬಿನ ಜೊತೆ ಚೆನ್ನಾಗಿ ಬೆರೆಯುತ್ತವೆ, ಹಾಗಾಗಿ ಗಟ್ಟಿ ಹಾಲಿನಲ್ಲಿ ಪರಿಮಳ ನೀರಿಗಿಂತ ಚೆನ್ನಾಗಿ ನಿಲ್ಲುತ್ತದೆ. ಶ್ಯಾವಿಗೆ ಪಾಯಸ ಮಾಡುವಾಗ ಏಲಕ್ಕಿ ಬಿಟ್ಟು ಒಮ್ಮೆ ಇದನ್ನು ಹಾಕಿ ನೋಡಿ. ಪಾಯಸ ಪೂರ್ತಿ ಆದ ಮೇಲೆ ಒಲೆ ಆರಿಸಿ, ಕುದಿ ನಿಂತ ಮೇಲೆ, ಹತ್ತು ಹದಿನೈದು ಎಲೆಯನ್ನು ಕಾಂಡದ ಸಮೇತ ಇಳಿಸಿ ಮುಚ್ಚಿಡಿ. ಕಾಲು ಗಂಟೆ ಬಿಟ್ಟು ಕಾಂಡ ಹಿಡಿದು ಎತ್ತಿಬಿಡಿ. ಎಲೆ ಬಿಡಿಸಿ ಹಾಕಿದರೆ ಆಮೇಲೆ ಶ್ಯಾವಿಗೆ ಮಧ್ಯೆ ಹುಡುಕುತ್ತಾ ಕೂರಬೇಕು.

ಬೆಳೆಸುವುದಕ್ಕೆ ಬರೋಣ. ಬೀಜದಿಂದ ಶುರು ಮಾಡುವವರು ಮಾಡುವ ತಪ್ಪು ಒಂದೇ, ನಾನೂ ಮಾಡಿದ್ದೆ. ಬೀಜ ಬಿತ್ತಿ ಮೇಲೆ ಅರ್ಧ ಇಂಚು ಮಣ್ಣು ಹಾಕಿ, ಒಂದು ತಿಂಗಳು ನೀರು ಹಾಕಿ ಹಾಕಿ ಕಾದೆ. ಏನೂ ಬರಲಿಲ್ಲ. ಬೀಜ ಮಾರಿದವರನ್ನು ಬೈದುಕೊಂಡೆ, ಪಾಪ ಅವರದ್ದೇನೂ ತಪ್ಪಿರಲಿಲ್ಲ. ಈ ಬೀಜ ತೀರಾ ಸಣ್ಣದು, ಒಂದು ಗ್ರಾಂನಲ್ಲಿ ಸಾವಿರಕ್ಕೂ ಮೇಲೆ ಇರುತ್ತವೆ, ಒಳಗೆ ಬುತ್ತಿ ಕಮ್ಮಿ. ಆಳದಿಂದ ಮೇಲೆ ಬರುವಷ್ಟು ಶಕ್ತಿ ಅದಕ್ಕಿಲ್ಲ, ಮೇಲಾಗಿ ಬೆಳಕು ತಾಗಿದರೆ ಚೆನ್ನಾಗಿ ಮೊಳೆಯುವ ಜಾತಿ. ಒದ್ದೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಜರಡಿ ಹಿಡಿದ ಗೊಬ್ಬರದ ಮೇಲೆ ರಾಗಿ ಚೆಲ್ಲಿದ ಹಾಗೆ ಉದುರಿಸಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಬಿಟ್ಟುಬಿಡಿ. ಮೇಲೆ ಮಣ್ಣು ಬೇಡ. ನೀರನ್ನು ಸುರಿಯಬೇಡಿ, ಬೀಜ ತೇಲಿ ಒಂದು ಮೂಲೆಗೆ ಸೇರಿಕೊಳ್ಳುತ್ತದೆ. ಸ್ಪ್ರೇ ಬಾಟಲಿ ಸಾಕು. ಎರಡು ವಾರಕ್ಕೆ ಹಸಿರು ಕಾಣಬಹುದು, ಕೆಲವು ಸಲ ಮೂರು ವಾರ ಹಿಡಿಯುತ್ತದೆ. ಸಸಿ ಮೊದಲ ಒಂದು ತಿಂಗಳು ಆಮೆಯ ಥರ ಬೆಳೆಯುತ್ತದೆ, ಗಾಬರಿ ಬೇಡ.

ಯಾರದ್ದಾದರೂ ಮನೆಯಲ್ಲಿ ಗಿಡ ಇದ್ದರೆ ಬೀಜದ ತಂಟೆಗೇ ಹೋಗಬೇಡಿ. ನಾಲ್ಕು ಇಂಚಿನ ಎಳೆ ತುದಿ ಕತ್ತರಿಸಿ, ಕೆಳಗಿನ ಎರಡು ಜೋಡಿ ಎಲೆ ತೆಗೆದು, ಲೋಟದ ನೀರಿನಲ್ಲಿ ನಿಲ್ಲಿಸಿ. ಪುದೀನ ಬೇರು ಬಿಡುವ ಹಾಗೆಯೇ ಇದೂ ಎರಡು ವಾರದಲ್ಲಿ ಬೇರು ಬಿಡುತ್ತದೆ. ನೀರು ಎರಡು ದಿನಕ್ಕೊಮ್ಮೆ ಬದಲಿಸಿ. ಬೇರು ಒಂದು ಇಂಚು ಆದಾಗ ಮಣ್ಣಿಗೆ. ತುಂಬಾ ಉದ್ದ ಬಿಟ್ಟರೆ ನೀರಿಗೆ ಒಗ್ಗಿಹೋದ ಬೇರು ಮಣ್ಣಿನಲ್ಲಿ ತಿಣುಕಾಡುತ್ತದೆ. ದೊಡ್ಡ ಗಿಡ ಸಿಕ್ಕರೆ ಬುಡ ಸಮೇತ ಎರಡು ಮೂರು ಪಾಲು ಮಾಡಿ ನೆಡುವುದೂ ಆಗುತ್ತದೆ.

ಕುಂಡ ಹತ್ತು ಹನ್ನೆರಡು ಇಂಚಿನದ್ದಾದರೆ ಸಾಕು. ಕೆಂಪು ಮಣ್ಣು, ಕಾಂಪೋಸ್ಟ್, ಕೋಕೋಪೀಟ್ ಸಮಸಮ. ಗೊಬ್ಬರ ಜಾಸ್ತಿ ಕೊಟ್ಟಾಗ ನನ್ನ ಗಿಡದ ಎಲೆ ಅಂಗೈ ಅಗಲ ಆಯಿತು, ಮೂಸಿದರೆ ಬರೀ ಸೊಪ್ಪಿನ ವಾಸನೆ. ಆಮೇಲೆ ಕೈ ಬಿಗಿ ಹಿಡಿದೆ. ತಿಂಗಳಿಗೊಮ್ಮೆ ಒಂದು ಹಿಡಿ ಕಾಂಪೋಸ್ಟ್, ಅಷ್ಟೇ.

ಬಿಸಿಲಿನ ವಿಷಯದಲ್ಲಿ ಇಂಟರ್‌ನೆಟ್‌ನ ಸಲಹೆ ನಂಬಿದರೆ ಗಿಡ ಸುಡುತ್ತೀರಿ. "ಪೂರ್ತಿ ಬಿಸಿಲು" ಅಂತ ಬರೆದಿರುತ್ತಾರೆ. ಅದು ಇಂಗ್ಲೆಂಡಿನ ಬಿಸಿಲಿಗೆ, ಜರ್ಮನಿಯ ಬಿಸಿಲಿಗೆ ಹೇಳಿದ ಮಾತು. ನಮ್ಮ ಮಾರ್ಚ್, ಏಪ್ರಿಲ್ ಮಧ್ಯಾಹ್ನಕ್ಕೆ ಅದು ಸಲ್ಲುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಬೆಳಗಿನ ಮೂರು ನಾಲ್ಕು ಗಂಟೆ ಬಿಸಿಲು, ಆಮೇಲೆ ನೆರಳು ಸಿಗುವ ಪೂರ್ವದ ಕಡೆಯ ಬಾಲ್ಕನಿ ಸರಿಹೊಂದುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರು ಪುಣ್ಯವಂತರು, ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ಮಳೆಗಾಲದಲ್ಲಿ ಮಾತ್ರ ಸೂರಿನ ಕೆಳಗೆ ಇಡಬೇಕು. ಕರಾವಳಿಯಲ್ಲಿ ಜೂನ್, ಜುಲೈ ಮಳೆಗೆ ಬುಡ ಕೊಳೆಯುವುದೇ ದೊಡ್ಡ ಕಾಟ. ಮಣ್ಣಿಗೆ ಮರಳು ಜಾಸ್ತಿ ಸೇರಿಸಿ, ಕುಂಡದ ಕೆಳಗೆ ತಟ್ಟೆ ಇಡದೆ, ಗಾಳಿ ಆಡುವ ಕಡೆ ಇಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದನ್ನು ಉಳಿಸುವುದು ನಿಜಕ್ಕೂ ಕಷ್ಟ. ಅಲ್ಲಿಯವರು ದಸರಾ ಹೊತ್ತಿಗೆ ನೆಟ್ಟು ಶಿವರಾತ್ರಿವರೆಗೆ ಚೆನ್ನಾಗಿ ಕೊಯ್ದುಕೊಂಡು, ಬೇಸಿಗೆಗೆ ಒಂದೆರಡು ತುಂಡನ್ನು ಮನೆಯೊಳಗೆ ನೀರಿನ ಲೋಟದಲ್ಲಿ ಜೀವ ಹಿಡಿಸುವುದು ವಾಸಿ.

ಯುರೋಪ್, ಅಮೆರಿಕದಲ್ಲಿರುವ ನಮ್ಮವರ ಕಥೆ ಉಲ್ಟಾ. ಅಲ್ಲಿ ಚಳಿಗಾಲಕ್ಕೆ ಗಿಡ ನೆಲಮಟ್ಟಕ್ಕೆ ಒಣಗಿ ಸತ್ತ ಹಾಗೆ ಕಾಣುತ್ತದೆ, ಕಿತ್ತು ಬಿಸಾಡಬೇಡಿ. ವಸಂತದಲ್ಲಿ ಬುಡದಿಂದ ಮತ್ತೆ ಚಿಗುರುತ್ತದೆ. ಅಲ್ಲಿ ತಲೆನೋವು ಅಂದರೆ ಅದು ಬೀಜ ಉದುರಿಸಿ ಅಂಗಳದ ತುಂಬಾ ಹಬ್ಬುವುದು. ಪುದೀನದ ಥರ ಮಣ್ಣಿನೊಳಗೆ ಬಳ್ಳಿ ಓಡಿಸಿ ಹರಡುವುದಿಲ್ಲ, ಬುಡ ದಪ್ಪ ಆಗುತ್ತದೆ, ಬೀಜದಿಂದ ಹಬ್ಬುತ್ತದೆ. ಹೂ ಬಂದ ತಕ್ಷಣ ಕತ್ತರಿಸಿದರೆ ಆ ಕಾಟವೂ ಇಲ್ಲ.

ನೀರು ದಿನಾ ಇಷ್ಟು ಅಂತ ಲೆಕ್ಕ ಇಲ್ಲ. ಬೆರಳನ್ನು ಒಂದು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಹಾಕಿ. ಮಧ್ಯಾಹ್ನ ಎಲೆ ಸೊರಗಿದ ಹಾಗೆ ಕಂಡರೆ ತಕ್ಷಣ ಚೊಂಬು ಹಿಡಿದು ಓಡಬೇಡಿ, ಸಂಜೆಗೆ ತಾನೇ ಎದ್ದು ನಿಲ್ಲುವುದುಂಟು. ಸಂಜೆಯೂ ಸೊರಗಿದ್ದರೆ ಆಗ ಬೆರಳು ಇಳಿಸಿ ನೋಡಿ. ಎಲೆಯ ಮೇಲೆ ಬಿಳಿ ಪುಡಿ ಎರಚಿದ ಹಾಗಿದ್ದರೆ ಬೂದಿ ರೋಗ, ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಆ ರೆಂಬೆಗಳನ್ನು ಕತ್ತರಿಸಿ ಎಸೆಯಿರಿ. ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಸಣ್ಣ ಹಳದಿ ಚುಕ್ಕಿ ಬಿದ್ದರೆ ಎಲೆಯ ಹಿಂಬದಿ ನೋಡಿ, ನುಸಿ ಇರುತ್ತದೆ. ಪೈಪಿನಿಂದ ಹಿಂಬದಿಗೆ ಜೋರಾಗಿ ನೀರು ಹೊಡೆದು ತೊಳೆಯುವುದೇ ಮದ್ದು. ಹಸಿಯಾಗಿ ಬಾಯಿಗೆ ಹಾಕುವ ಎಲೆ ಇದು, ಕ್ರಿಮಿನಾಶಕ ತೋರಿಸಲೇಬೇಡಿ.

ಕೊಯ್ಲು ಹೂ ಬಿಡುವ ಮುಂಚೆ. ಸಣ್ಣ ಬಿಳಿ ಹೂವು, ನೋಡಲು ಏನೂ ಅಂಥ ವಿಶೇಷ ಇಲ್ಲ. ಹೂವು ಬಂದ ಮೇಲೆ ಎಲೆ ಚಿಕ್ಕದಾಗಿ, ಒರಟಾಗಿ, ಘಮ ಕಮ್ಮಿಯಾಗುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಕತ್ತರಿಸಿ. ಒಂದೊಂದೇ ಎಲೆ ಕೀಳುವುದಕ್ಕಿಂತ ರೆಂಬೆಯನ್ನೇ ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ ಕತ್ತರಿಸುವುದು ಒಳ್ಳೆಯದು, ಆ ಜೋಡಿಯ ಕಂಕುಳಿನಿಂದ ಎರಡು ಹೊಸ ರೆಂಬೆ ಬರುತ್ತವೆ. ನನ್ನ ಗಿಡ ಪೊದೆಯಾಗಿದ್ದು ಹೀಗೆ ಕತ್ತರಿಸಿ ಕತ್ತರಿಸಿಯೇ. ಮೊದಲು ಪಾಪ ಅಂತ ಮುಟ್ಟದೆ ಬಿಟ್ಟಿದ್ದೆ, ಅದು ಕಡ್ಡಿಯ ಹಾಗೆ ಎರಡಡಿ ಎದ್ದು ಬಾಗಿ ನಿಂತಿತ್ತು.

ಕಿತ್ತ ಮೇಲೆ ಗಡಿಯಾರ ಓಡಲು ಶುರು. ಎಲೆ ಹೆಚ್ಚಿಟ್ಟರೆ ಬದನೆಕಾಯಿ ಹೆಚ್ಚಿಟ್ಟ ಹಾಗೆ ಕಪ್ಪಾಗುತ್ತದೆ, ಕಾರಣವೂ ಹೆಚ್ಚುಕಮ್ಮಿ ಅದೇ. ಎಲೆಯೊಳಗಿನ ಫೀನಾಲ್ ಜಾತಿಯ ವಸ್ತುಗಳು ಗಾಳಿ ತಾಗಿ ಬಣ್ಣಗೆಡುತ್ತವೆ. ಆದ್ದರಿಂದ ಬಡಿಸುವ ಹೊತ್ತಿಗೆ ಹೆಚ್ಚಬೇಕು, ಹರಿತವಾದ ಚಾಕುವಿನಿಂದ. ಚಟ್ನಿಗೆ ರುಬ್ಬುವಾಗ ನಿಂಬೆರಸ ಎರಡು ಹನಿ, ಒಂದು ಐಸ್ ತುಂಡು ಹಾಕಿದರೆ ಹಸಿರು ಉಳಿಯುತ್ತದೆ.

ಈಗ ಟೀ. ನಾವು ಕಷಾಯದ ಜನ, ಏನೇ ಸೊಪ್ಪು ಸಿಕ್ಕರೂ ಕುದಿಸಿ ಅರ್ಧಕ್ಕೆ ಇಳಿಸಿದರೇ ಸಮಾಧಾನ. ಇಲ್ಲಿ ಆ ಅಭ್ಯಾಸ ಬಿಡಬೇಕು. ಸಿಟ್ರಾಲ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಹಬೆಯ ಜೊತೆ ಸಲೀಸಾಗಿ ಹೊರಟುಬಿಡುತ್ತದೆ. ಕಾರ್ಖಾನೆಯಲ್ಲಿ ಎಲೆಯಿಂದ ಎಣ್ಣೆ ತೆಗೆಯುವುದೂ ಹೀಗೇ, ಎಲೆಯ ಮೂಲಕ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ ಹಿಡಿಯುತ್ತಾರೆ. ಪಾತ್ರೆ ತೆರೆದಿಟ್ಟು ಕುದಿಸಿದಾಗ ನಾವೂ ಅದನ್ನೇ ಮಾಡುತ್ತಿರುತ್ತೇವೆ, ಹಿಡಿಯುವ ಕೆಲಸ ಬಿಟ್ಟು! ಅದಕ್ಕೇ ನೀರು ಕುದಿಸಿ ಒಲೆ ಆರಿಸಿ. ಹತ್ತು ಹನ್ನೆರಡು ಎಲೆಯನ್ನು ಅಂಗೈಯಲ್ಲಿ ಒಮ್ಮೆ ಹಿಸುಕಿ ಲೋಟಕ್ಕೆ ಹಾಕಿ, ನೀರು ಸುರಿದು, ತಕ್ಷಣ ತಟ್ಟೆ ಮುಚ್ಚಿ. ಏಳೆಂಟು ನಿಮಿಷ. ತಟ್ಟೆ ತೆಗೆದಾಗ ಅದರ ಅಡಿಯಲ್ಲಿ ಹನಿಗಳು ನಿಂತಿರುತ್ತವೆ. ಅವನ್ನು ಸಿಂಕಿಗೆ ಕೊಡವಬೇಡಿ, ಲೋಟಕ್ಕೇ ಬೀಳಿಸಿ. ಓಡಿಹೋಗುತ್ತಿದ್ದ ಘಮ ಅಲ್ಲಿ ಸಿಕ್ಕಿಬಿದ್ದಿರುತ್ತದೆ.

ಎಲ್ಲವೂ ಹಬೆಯ ಜೊತೆ ಹೋಗುತ್ತದೆ ಅಂತಲ್ಲ. ಎಲೆಯಲ್ಲಿ ರೋಸ್‌ಮರಿನಿಕ್ ಆಮ್ಲ ಅನ್ನುವ ವಸ್ತು ಜಾಸ್ತಿ ಇದೆ. ಇಟಲಿಯ ರಸಾಯನ ವಿಜ್ಞಾನಿಗಳು 1958ರಲ್ಲಿ ಇದನ್ನು ರೋಸ್‌ಮರಿ ಗಿಡದಿಂದ ಬೇರ್ಪಡಿಸಿದ್ದರಿಂದ ಆ ಹೆಸರು. ಅದು ನೀರಿನಲ್ಲಿ ಕರಗಿ ಅಲ್ಲೇ ಉಳಿಯುತ್ತದೆ, ಒಗರಿಗೆ ಅದರ ಪಾಲೂ ಇದೆ. ಅಂದರೆ ಹದಿನೈದು ನಿಮಿಷ ಕುದಿಸಿದ ಕಷಾಯ ಪೂರ್ತಿ ದಂಡ ಅಲ್ಲ, ಆದರೆ ಅದರಲ್ಲಿ ಸಿಗುವುದು ಒಗರು, ಕಹಿ ಮಾತ್ರ. ಮೆಚ್ಚಿ ಕುಡಿಯುವವರು ಕುಡಿಯಲಿ.

ತಣ್ಣನೆಯ ಅಡುಗೆಗಳಲ್ಲಿ ಇದು ನಿಜವಾಗಿ ಮಿಂಚುತ್ತದೆ. ನೀರುಮಜ್ಜಿಗೆಗೆ ನಿಂಬೆ ಎಲೆಯನ್ನೋ ಕಂಚಿಕಾಯಿ ಎಲೆಯನ್ನೋ ಹಿಸುಕಿ ಹಾಕುವ ರೂಢಿ ಇದೆಯಲ್ಲ, ಆ ಜಾಗದಲ್ಲಿ ಇದು ಸುಲಭವಾಗಿ ಕೂರುತ್ತದೆ. ಶುಂಠಿ, ಉಪ್ಪು, ಹಸಿಮೆಣಸಿನಕಾಯಿ ಜೊತೆ ಐದಾರು ಎಲೆಯನ್ನು ಕುಟ್ಟಾಣಿಯಲ್ಲಿ ಒಂದೆರಡು ಪೆಟ್ಟು ಕುಟ್ಟಿ ಮಜ್ಜಿಗೆಗೆ ಹಾಕಿ. ಬೆಲ್ಲದ ಪಾನಕಕ್ಕೂ ಚೆನ್ನ, ಹುಳಿಗೆ ನಿಂಬೆಹಣ್ಣು ಇದ್ದೇ ಇರುತ್ತದೆ, ಘಮಕ್ಕೆ ಇದು. ಹೆಸರುಬೇಳೆ ಕೋಸಂಬರಿಗೆ ಕೊತ್ತಂಬರಿ ಅರ್ಧ, ಇದು ಅರ್ಧ. ಕಲ್ಲಂಗಡಿ, ಸೀಬೆಹಣ್ಣಿನ ಹೋಳಿನ ಮೇಲೆ ಉಪ್ಪು ಖಾರದ ಜೊತೆ ಉದುರಿಸಬಹುದು.

ತಂಬುಳಿ ಮಾಡುವವರಿಗೆ ಒಂದು ಮಾತು. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ ರುಬ್ಬುತ್ತೇವೆ. ಅದರ ಎಲೆ ದಪ್ಪ, ಘಮ ಖಾರ, ಆ ಬಿಸಿ ತಾಳಿಕೊಳ್ಳುತ್ತದೆ. ಲೆಮನ್ ಬಾಮ್ ಅನ್ನು ಬಾಡಿಸಿದರೆ ಉಳಿಯುವುದು ಬರೀ ಸೊಪ್ಪು. ಜೀರಿಗೆ, ಕಾಳುಮೆಣಸು ಮಾತ್ರ ತುಪ್ಪದಲ್ಲಿ ಹುರಿದು ಆರಿಸಿ. ಕಾಯಿತುರಿ ಜೊತೆ ಹಸಿ ಎಲೆಯನ್ನೇ ನುಣ್ಣಗೆ ರುಬ್ಬಿ ಮಜ್ಜಿಗೆ ಸೇರಿಸಿ. ಒಗ್ಗರಣೆ ಬೇಕೇಬೇಕು ಅಂದರೆ ಆರಿಸಿದ ಒಗ್ಗರಣೆ. ಕಾಯಿಯ ಕೊಬ್ಬು ಇಲ್ಲೂ ಕೆಲಸಕ್ಕೆ ಬರುತ್ತದೆ, ಘಮವನ್ನು ಹಿಡಿದಿಡುತ್ತದೆ. ಒಂದು ಹಿಡಿ ಎಲೆಗಿಂತ ಜಾಸ್ತಿ ಹಾಕಬೇಡಿ, ಸೋಪಿನ ನೆನಪು ಬರುತ್ತದೆ. ಇದು ಸುಮ್ನೆ ಹೇಳಿದ್ದಲ್ಲ, ಸೋಪು, ಪಾತ್ರೆ ತೊಳೆಯುವ ದ್ರವಗಳಿಗೆ ನಿಂಬೆ ವಾಸನೆ ಬರಲು ಹಾಕುವುದರಲ್ಲಿ ಸಿಟ್ರಾಲ್ ಕೂಡ ಇದೆ. ನಮ್ಮ ಮೂಗಿಗೆ ಅದು ಅಡುಗೆಮನೆಯ ಸಿಂಕಿನ ಜೊತೆ ಅಂಟಿಕೊಂಡಿದೆ, ಗಿಡದ ತಪ್ಪೇನಿಲ್ಲ.

ಜಾಸ್ತಿ ಎಲೆ ಬಂದಾಗ ಏನು ಮಾಡುವುದು? ಒಣಗಿಸಬಹುದು, ನೆರಳಲ್ಲಿ, ಗಾಳಿಯಲ್ಲಿ, ರೆಂಬೆಗಳನ್ನು ತಲೆಕೆಳಗಾಗಿ ಕಟ್ಟಿ. ಬಿಸಿಲಿಗೆ, ಓವನ್‌ಗೆ ಬೇಡ, 40 ಡಿಗ್ರಿ ದಾಟಿದರೆ ಒಣಗಿದ ಹುಲ್ಲು ಸಿಗುತ್ತದೆ. ಎಷ್ಟೇ ಜೋಪಾನ ಮಾಡಿದರೂ ಒಣಗಿದ್ದರಲ್ಲಿ ಘಮ ಅರ್ಧಕ್ಕಿಂತ ಕಮ್ಮಿ ಅಂತ ನನಗನ್ನಿಸುತ್ತದೆ. ಅಂಗಡಿಯ ಒಣ ಎಲೆಯ ಟೀ ಬ್ಯಾಗ್ ಕುಡಿದು ಈ ಗಿಡದ ಬಗ್ಗೆ ತೀರ್ಮಾನಕ್ಕೆ ಬರಬೇಡಿ ಅನ್ನುವುದು ಅದಕ್ಕೇ. ನಾನು ಮಾಡುವುದು ಎರಡು ಕೆಲಸ. ಎಲೆಯನ್ನು ಸ್ವಲ್ಪ ನೀರಿನ ಜೊತೆ ಮಿಕ್ಸಿಯಲ್ಲಿ ತಿರುವಿ ಐಸ್ ಟ್ರೇಗೆ ಸುರಿದಿಡುತ್ತೇನೆ, ಪಾನಕಕ್ಕೆ ಮಜ್ಜಿಗೆಗೆ ಒಂದೊಂದು ತುಂಡು. ಇನ್ನೊಂದು ಸಕ್ಕರೆ ಪಾಕ. ಒಂದು ಲೋಟ ಸಕ್ಕರೆ, ಒಂದು ಲೋಟ ನೀರು ಕುದಿಸಿ ಇಳಿಸಿ, ಐದು ನಿಮಿಷ ಬಿಟ್ಟು, ಎರಡು ಹಿಡಿ ಎಲೆ ಮುಳುಗಿಸಿ ಮುಚ್ಚಿ, ಪೂರ್ತಿ ಆರಿದ ಮೇಲೆ ಸೋಸಿ ಫ್ರಿಜ್‌ನಲ್ಲಿಟ್ಟರೆ ಒಂದೆರಡು ವಾರ ಬರುತ್ತದೆ. ನೆಂಟರು ಬಂದಾಗ ಸೋಡಾ ಜೊತೆ ಕೊಟ್ಟರೆ ಯಾವ ಹಣ್ಣಿನ ಜ್ಯೂಸ್ ಅಂತ ಕೇಳುತ್ತಾರೆ.

ಎಣ್ಣೆಯ ಬಗ್ಗೆ ಒಂದು ಎಚ್ಚರಿಕೆ. ಒಣ ಎಲೆಯ ತೂಕದಲ್ಲಿ ಎಣ್ಣೆ ಸಾಮಾನ್ಯವಾಗಿ ಶೇಕಡಾ 0.02ರಿಂದ 0.3ರಷ್ಟು. ಅಂದರೆ ನೂರು ಕೆಜಿ ಒಣ ಎಲೆಯಿಂದ ಇಪ್ಪತ್ತು ಗ್ರಾಂನಿಂದ ಮುನ್ನೂರು ಗ್ರಾಂ. ಅದಕ್ಕೇ ನಿಜವಾದ ಮೆಲಿಸಾ ಎಣ್ಣೆ ಭಾರೀ ದುಬಾರಿ, ಮತ್ತು ಅಗ್ಗವಾದ ಮಜ್ಜಿಗೆ ಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಎಣ್ಣೆ ಬೆರೆಸಿ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ಸಣ್ಣ ಬಾಟಲಿ ಇನ್ನೂರು ರೂಪಾಯಿಗೆ ಸಿಕ್ಕರೆ ಒಳಗೇನಿದೆ ಅಂತ ನೀವೇ ಊಹಿಸಿ. "ಸೊಳ್ಳೆ ಓಡಿಸುವ ಗಿಡ" ಅಂತ ಇದನ್ನು ಮಾರುವವರಿಗೂ ಇದೇ ಉತ್ತರ. ಎಣ್ಣೆ ಚೀಲದೊಳಗೆ ಮುಚ್ಚಿಕೊಂಡಿರುತ್ತದೆ, ಕುಂಡ ಕಿಟಕಿಯಲ್ಲಿ ಸುಮ್ಮನೆ ಕೂತಿದ್ದರೆ ಸೊಳ್ಳೆಗೆ ಅದರ ಗೊಡವೆಯೇ ಇಲ್ಲ. ಕೈಗೆ ಎಲೆ ಉಜ್ಜಿಕೊಂಡರೆ ಸ್ವಲ್ಪ ಹೊತ್ತು ಪರವಾಗಿಲ್ಲ. ಸೊಳ್ಳೆಪರದೆ ಕಟ್ಟುವುದು ಬಿಡಬೇಡಿ.

ಜೇನ್ನೊಣದ ವಿಷಯ ಮಾತ್ರ ಸುಳ್ಳಲ್ಲ. ಮೆಲಿಸಾ ಅಂದರೆ ಗ್ರೀಕ್ ಭಾಷೆಯಲ್ಲಿ ಜೇನ್ನೊಣ ಅಂತಲೇ ಅರ್ಥ. ಖಾಲಿ ಗೂಡಿನ ಒಳಗೆ ಈ ಎಲೆ ಉಜ್ಜಿದರೆ ಹಿಂಡು ಬಂದು ಕೂರುತ್ತದೆ ಅಂತ ಅಲ್ಲಿನ ಜೇನು ಸಾಕುವವರು ಎಷ್ಟೋ ಶತಮಾನದಿಂದ ಮಾಡಿಕೊಂಡು ಬಂದಿದ್ದಾರೆ. ಕಾರಣ ಆಮೇಲೆ ಗೊತ್ತಾಯಿತು. ಯುರೋಪಿನ ಜೇನಿನ ಕೆಲಸಗಾರ ನೊಣದ ಹೊಟ್ಟೆಯ ತುದಿಯಲ್ಲಿ ಒಂದು ಗ್ರಂಥಿ ಇದೆ, ನಾಸೊನೋವ್ ಗ್ರಂಥಿ ಅಂತ. "ಇಲ್ಲಿ ಬನ್ನಿ, ಮನೆ ಇಲ್ಲಿದೆ" ಅಂತ ಜೊತೆಯವರನ್ನು ಕರೆಯಲು ಅದು ಬಿಡುವ ವಾಸನೆಯಲ್ಲಿ ಜೆರಾನಿಯೋಲ್ ಮತ್ತು ಸಿಟ್ರಾಲ್ ಇವೆ. ಎರಡೂ ಈ ಎಲೆಯಲ್ಲೂ ಇವೆ. ಗಿಡ ಅವುಗಳ ಭಾಷೆಯ ಒಂದೆರಡು ಪದ ಕಲಿತ ಹಾಗೆ.

ಮನುಷ್ಯರೂ ಈ ವಾಸನೆಗೆ ಸೋತವರೇ. ಪರ್ಷಿಯನ್‌ನಲ್ಲಿ ಇದು ಬಾದ್ರಂಜ್‌ಬೂಯೆ, ಕೊನೆಯಲ್ಲಿರುವ ಬೂ ಅಂದರೆ ವಾಸನೆ, ನಮ್ಮ ಕಿವಿಗೆ ಬಿದ್ದಿರುವ ಖುಷ್ಬೂ ಪದದಲ್ಲಿರುವುದೂ ಅದೇ. ಯುನಾನಿ ವೈದ್ಯದ ಮೂಲಕ ಆ ಹೆಸರು ಭಾರತಕ್ಕೂ ಬಂತು. ಹೃದಯಕ್ಕೆ ಉಲ್ಲಾಸ ಕೊಡುತ್ತದೆ ಅಂತ ಹಳೆಯ ಕಾಲದ ಪ್ರಸಿದ್ಧ ಪರ್ಷಿಯನ್ ವೈದ್ಯ ಇಬ್ನ್ ಸೀನಾ ಹೊಗಳಿದ್ದಾನೆ. ಪ್ಯಾರಿಸ್‌ನ ಕಾರ್ಮಲೈಟ್ ಅನ್ನುವ ಕ್ರೈಸ್ತ ಪಂಗಡದ ಸನ್ಯಾಸಿಗಳು 17ನೇ ಶತಮಾನದಿಂದ ಇದರ ಎಲೆಯನ್ನು ಮದ್ಯದಲ್ಲಿ ನೆನೆಸಿ ಬಟ್ಟಿ ಇಳಿಸಿದ ಔಷಧಿ ಮಾಡುತ್ತಿದ್ದರು. ಜರ್ಮನಿಯ ಕಲೋನ್ ನಗರದಲ್ಲಿ ಮರಿಯಾ ಕ್ಲೆಮೆಂಟೀನ್ ಮಾರ್ಟಿನ್ ಅನ್ನುವ ಸನ್ಯಾಸಿನಿ 1826ರಲ್ಲಿ ಅಂಥದ್ದೇ ಒಂದರ ವ್ಯಾಪಾರ ಶುರು ಮಾಡಿದರು, ಅದು ಇವತ್ತಿಗೂ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ನೋಡಿ, ಮದ್ಯದಲ್ಲಿ ಘಮ ಚೆನ್ನಾಗಿ ಕರಗುತ್ತದೆ, ಸೀಸೆ ಮುಚ್ಚಿದರೆ ಓಡಿಹೋಗುವುದೂ ಇಲ್ಲ. ರಸಾಯನಶಾಸ್ತ್ರ ಓದದೆಯೇ ಅವರಿಗೆ ಇದು ತಿಳಿದಿತ್ತು.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ಇದು ನಿದ್ದೆಗೆ, ಟೆನ್ಷನ್‌ಗೆ ಒಳ್ಳೆಯದಾ? ಯುರೋಪಿನಲ್ಲಿ ಔಷಧಿಗಳನ್ನು ಪರಿಶೀಲಿಸುವ ಸಂಸ್ಥೆಯಾದ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಇದನ್ನು ಸಣ್ಣಪುಟ್ಟ ಮಾನಸಿಕ ಒತ್ತಡ, ನಿದ್ದೆ, ಹೊಟ್ಟೆಯುಬ್ಬರಕ್ಕೆ ಬಳಸಬಹುದು ಅನ್ನುತ್ತದೆ. ಆದರೆ ಅದನ್ನು "ಸಾಂಪ್ರದಾಯಿಕ ಬಳಕೆ" ಅನ್ನುವ ಪಟ್ಟಿಯಲ್ಲಿ ಇಟ್ಟಿದೆ. ಅಂದರೆ ಬಹಳ ಕಾಲದಿಂದ ಜನ ಬಳಸುತ್ತಿದ್ದಾರೆ ಅನ್ನುವುದೇ ಅಲ್ಲಿ ಆಧಾರ, ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ ಅಂತಲ್ಲ. ಅವರು ಹೇಳುವ ಪ್ರಮಾಣ ಒಂದು ಸಲಕ್ಕೆ 1.5ರಿಂದ 4.5 ಗ್ರಾಂ ಒಣ ಎಲೆ, ದಿನಕ್ಕೆ ಒಂದರಿಂದ ಮೂರು ಸಲ. 12 ವರ್ಷದೊಳಗಿನ ಮಕ್ಕಳಿಗೆ ಔಷಧಿಯಾಗಿ ಬೇಡ ಅಂತಲೂ ಹೇಳಿದ್ದಾರೆ. ರಾತ್ರಿ ಒಂದು ಲೋಟ ಕುಡಿದರೆ ನನಗೆ ಹಿತ ಅನ್ನಿಸುತ್ತದೆ. ಅದು ಎಲೆಯಿಂದಲೋ, ಮೊಬೈಲ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಬಿಸಿ ಲೋಟ ಹಿಡಿದು ಕೂತಿದ್ದರಿಂದಲೋ ಹೇಳಲಾರೆ.

ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಇದರ ಟೀಯನ್ನು ದಿನಾ ಕುಡಿಯುವ ಮುಂಚೆ ಡಾಕ್ಟರನ್ನು ಕೇಳಿ, ಮಂಪರು ಜಾಸ್ತಿಯಾಗಬಹುದು. ಬಸುರಿಯರೂ ಹಾಗೆಯೇ. ಥೈರಾಯ್ಡ್ ಮಾತ್ರೆಯವರು ವಿಶೇಷವಾಗಿ ಕೇಳಬೇಕು. ಥೈರಾಯ್ಡ್ ಅನ್ನು ಚುರುಕಾಗಿಸುವ ಟಿಎಸ್‌ಎಚ್ ಹಾರ್ಮೋನಿನ ಕೆಲಸಕ್ಕೆ ಈ ಎಲೆಯ ಸಾರ ಅಡ್ಡ ಬರುವುದನ್ನು ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ನೋಡಿದ್ದಾರೆ. ಟೀ ಕುಡಿದವರ ಮೈಯಲ್ಲಿ ಅಷ್ಟು ಆಗುತ್ತದೆ ಅಂತ ಅದರಿಂದ ಹೇಳಲಾಗದು, ಆದರೂ ಲೋಟಗಟ್ಟಲೆ ಕುಡಿದು ಪರೀಕ್ಷೆ ಮಾಡುವ ಅಗತ್ಯವೇನಿಲ್ಲ. ಅಮ್ಮ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗುವವರು. ಹಾಗಾಗಿ ಟೀ ನನ್ನ ಪಾಲಿಗೆ, ಅವರಿಗೆ ಮಧ್ಯಾಹ್ನದ ಮಜ್ಜಿಗೆಯಲ್ಲಿ ಒಂದೆರಡು ಎಲೆ. ಸಾರಿಗೂ ಹಾಕುತ್ತೇನೆ, ಒಲೆಯಿಂದ ಇಳಿಸಿ, ಬಡಿಸುವ ಮುಂಚೆ, ಕೊತ್ತಂಬರಿಯ ಜೊತೆ.